ದಪ್ಪ ಕೊಂಬೆಯ ಗೂಡು

ಮಳೆ ಹಿಡಿಯುವುದರೊಳಗೆ ಹೆಣ್ಣು ಗೂಡನ್ನು ಒಪ್ಪದಿದ್ದರೆ ಗಂಡು ಗೀಜಗಕ್ಕೆ ಆ ವರ್ಷ ಸಂಸಾರವಿಲ್ಲ. ಮೋಡ ಆಗಲೇ ಕಪ್ಪಿಟ್ಟಿತ್ತು. ಕೆರೆಯ ಮೇಲೆ ಬಾಗಿದ ಜಾಲಿ ಮರದಲ್ಲಿ ಎಳೆಯ ಗೀಜಗವೊಂದು ಎಲ್ಲಕ್ಕಿಂತ ದಪ್ಪ ಕೊಂಬೆ ಹಿಡಿದು, ಕತ್ತೆತ್ತದೆ ಗೂಡು ನೇಯುತ್ತಿತ್ತು. ಪಕ್ಕದ ತೆಳು ಕೊಂಬೆಯಲ್ಲಿ ಹಿರಿಯ ಗೀಜಗ ಅರ್ಧ ನೇಯ್ದ ಗೂಡಿಗೆ ಜೋತುಬಿದ್ದು, ರೆಕ್ಕೆ ಬಡಿದು ಹೆಣ್ಣುಗಳನ್ನು ಕೂಗುತ್ತಿತ್ತು.

"ಮಾವ, ತಳವೇ ಇಲ್ಲದ ಗೂಡು ತೋರಿಸಲು ನಾಚಿಕೆಯಾಗುವುದಿಲ್ಲವೇ?" ಎಂದಿತು ಎಳೆಯ ಗೀಜಗ.

"ಹೆಣ್ಣು ಈಗ ಬೇಡವೆಂದರೆ ಹೋಗುವುದು ನಾಲ್ಕು ದಿನ. ಮುಗಿದ ಮೇಲೆ ಬೇಡವೆಂದರೆ ಮಳೆಗಾಲವೇ ಹೋಗುತ್ತದೆ. ಮೊನ್ನೆಯ ಗೂಡನ್ನು ಒಂದು ಹೆಣ್ಣು ಬೇಡವೆಂದಿತು, ಬಿಟ್ಟು ಇದನ್ನು ಹಿಡಿದೆ. ನೀನೂ ಕರೆದು ತೋರಿಸು."

"ಗೊರವಂಕ ದಿನವೂ ಬಂದು ನನ್ನ ಗೂಡನ್ನು ಅರಮನೆ ಎನ್ನುತ್ತಿದೆ. ಇನ್ನೇನು ಬೇಕು?"

"ಗೊರವಂಕ ಅದರಲ್ಲಿ ಮೊಟ್ಟೆ ಇಡುತ್ತದೆಯೇ?"

ಎಳೆಯ ಗೀಜಗ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಡುಗು ಹತ್ತಿರವಾದಷ್ಟೂ ಅದರ ಕೊಕ್ಕು ಚುರುಕಾಯಿತು. ಗೂಡು ಮುಗಿಸಿ, ಮೊದಲ ಸಲ ಹೆಣ್ಣನ್ನು ಕೂಗಿತು.

ಹೆಣ್ಣು ಗೀಜಗ ಬಂತು. ಗೂಡಿನತ್ತ ತಿರುಗಿಯೂ ನೋಡದೆ ಕೊಂಬೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟಿತು.

"ಕೊಂಬೆ ದಪ್ಪವಾಯಿತು. ಹಾವು ಸಲೀಸಾಗಿ ಬರುತ್ತದೆ."

"ಇದನ್ನು ಮೊದಲೇ ಹೇಳಬಾರದಿತ್ತೇ?"

"ನೀನು ಕರೆದದ್ದೇ ಈಗ," ಎಂದು ಅದು ಮಾವನ ಅರ್ಧ ಗೂಡಿಗೆ ಹಾರಿತು. ತೆಳು ಕೊಂಬೆಯನ್ನು ಜೀಕಿ ನೋಡಿ, ಅಲ್ಲೇ ಕುಳಿತಿತು. ಮಾವ ತಳ ನೇಯಲು ಹುಲ್ಲು ತರಲು ಹೊರಟಿತು.

ಮೊದಲ ಹನಿ ಬಿತ್ತು. ಖಾಲಿ ಗೂಡಿನ ಬಾಯಲ್ಲಿ ಕುಳಿತ ಎಳೆಯ ಗೀಜಗಕ್ಕೆ ಗೊರವಂಕದ ದನಿ ಕೇಳಿಸಿತು: "ಆಹಾ, ಎಂಥ ಅರಮನೆ!"