ಗೋರಂಟಿ ಬೇಲಿಯ ಬುಡದಲ್ಲಿ ಅಜ್ಜನವರು

ಮಗ್ಗದಹಾಳದ ಮೇಲುಗಡೆ, ಕೆಂಪು ಮಸಬು ಮಣ್ಣಿನ ಇಳಿಜಾರಿನಲ್ಲಿ ಪೂಜ್ಯ ನಿರಾಲಂಬ ಅಜ್ಜನವರ ಮಠವಿತ್ತು. ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಮರ, ಇಳಿಜಾರಿನ ಅಂಚಿಗೆ ಆಳೆತ್ತರದ ಗೋರಂಟಿ ಬೇಲಿ, ಅಷ್ಟೇ. ಹಬ್ಬ ಬಂದರೆ ಊರಿನ ಹೆಣ್ಣುಮಕ್ಕಳು ಅಂಗೈಗೆ ಹಚ್ಚಿಕೊಳ್ಳಲು ಆ ಬೇಲಿಯ ಸೊಪ್ಪನ್ನೇ ಬಿಡಿಸಿಕೊಂಡು ಹೋಗುತ್ತಿದ್ದರು.

ನಮ್ಮ ತಂದೆ ಸಂಗಯ್ಯನವರದು ಅಲ್ಲಿ ಕಸಗುಡಿಸುವ ಸೇವೆ. ಅಂಗಳವಿರಲಿ, ಬೇಲಿಯ ಬುಡದಲ್ಲೂ ಒಂದು ತರಗೆಲೆ ಉಳಿಯದಂತೆ, ಒಂದು ಹುಲ್ಲುಕಡ್ಡಿ ತಲೆಯೆತ್ತದಂತೆ ಅವರು ಗುಡಿಸುತ್ತಿದ್ದರು. ಬಂದ ಭಕ್ತರು ಮೆಚ್ಚುತ್ತಿದ್ದರು. ಈ ಪ್ರಸಂಗವನ್ನು ನಾನು ಅವರ ಬಾಯಿಂದಲೇ ಕೇಳಿದ್ದು.

ಆ ವರ್ಷದ ಮೊದಲ ಮುಂಗಾರು ಮಳೆ ಹೊಯ್ದ ಮರುದಿನ ಬೆಳಿಗ್ಗೆ, ನೇಕಾರ ಬನಪ್ಪ ತಲೆಯ ಮೇಲೆ ಬುಟ್ಟಿ ಹೊತ್ತು ಮಠಕ್ಕೆ ಬಂದ. ಬೇಲಿಯ ಕೆಳಗಡೆಯೇ ಅವನ ಮನೆ, ಒಳಗೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಕೈಕೆಲಸ ನಾಜೂಕು, ಮಾತು ಒರಟು. ದೇವರು, ಗುರು ಎಂದರೆ ನಗುವವನು. ಅಷ್ಟು ಹತ್ತಿರವಿದ್ದರೂ ಮಠದ ಮೆಟ್ಟಿಲು ಹತ್ತಿದವನಲ್ಲ. ಅಂದು ಹತ್ತಿ ಬಂದು, ಬೇವಿನ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನವರ ಎದುರಿಗೆ ಬುಟ್ಟಿಯನ್ನು ಬೋರಲು ಹಾಕಿದ. ಕೆಂಪು ಕೆಸರು ಧೊಪ್ಪನೆ ಬಿತ್ತು.

"ನಿಮ್ಮ ಮಠದ ಮಣ್ಣೈತಿ ಇದು, ನೀವ ಇಟ್ಕೋರಿ. ಮೂರು ವರ್ಷಾತು, ಮಳಿ ಬಂದಾಗೊಮ್ಮೆ ನಿಮ್ಮ ಬೇಲಿ ಬುಡದ ಮಣ್ಣು ನನ್ನ ಮಗ್ಗದ ಕುಣಿ ತುಂಬತೈತಿ. ಇಪ್ಪತ್ತು ದಿನಕ್ಕ ತಂಗಿ ಮದಿವಿ. ಆಕಿ ಸೀರಿ ಮಗ್ಗದ ಮ್ಯಾಲೈತಿ, ಕುಣಿಯಾಗ ಕಾಲಿಡಾಕ ಬರವಲ್ದು. ನಿಮ್ಮ ದೇವರು ಬಂದು ನೇದು ಕೊಡತಾನೇನು?"

ಸುತ್ತಲಿದ್ದವರು ಸಿಡಿದೆದ್ದರು. ಅಜ್ಜನವರು ಕೈಯೆತ್ತಿ ಎಲ್ಲರನ್ನೂ ಕೂರಿಸಿ, ತಾವು ಎದ್ದು ನಿಂತರು.

"ತಪ್ಪು ನಮ್ಮದಪ್ಪಾ. ನಡಿ, ಮೊದಲ ಕುಣಿ ತೋರಸು."

ಬನಪ್ಪ ಜಗಳಕ್ಕೆ ಸಿದ್ಧನಾಗಿ ಬಂದಿದ್ದ. ಈ ಮಾತಿಗೆ ಸಿದ್ಧನಾಗಿರಲಿಲ್ಲ. ಅವನು ಬಾಯಿ ಬಿಡುವಷ್ಟರಲ್ಲಿ ಎಪ್ಪತ್ತು ದಾಟಿದ ಅಜ್ಜನವರು ಇಳಿಜಾರು ಇಳಿದು ಹೋಗಿ, ಕಾವಿಯನ್ನು ಮೊಣಕಾಲ ಮೇಲೆ ಕಟ್ಟಿ, ಮಗ್ಗದ ಕುಣಿಗೆ ಇಳಿದೇಬಿಟ್ಟಿದ್ದರು. ಬೋಗುಣಿಯಿಂದ ಕೆಸರು ತೋಡಿ ತೋಡಿ ಮೇಲೆ ಕೊಡುತ್ತಿದ್ದರು. ಮದುಮಗಳಾಗಲಿದ್ದ ತಂಗಿ ನಾಗವ್ವ ಗಾಬರಿಯಿಂದ ಪಾದ ಮುಟ್ಟಲು ಬಗ್ಗಿದಳು.

"ಪಾದ ಕೆಸರಾಗ ಅದಾವ ತಾಯಿ, ಹುಡುಕಬೇಕಾಕ್ಕೈತಿ. ಅದರ ಬದಲಿ ಇನ್ನೊಂದು ಬೋಗುಣಿ ತಾ" ಎಂದರು. ನಾಗವ್ವ ನಕ್ಕಳು. ಬನಪ್ಪನ ಮೀಸೆಯೂ ಕೊಂಚ ಅಲುಗಿತೆಂದು ನಮ್ಮ ತಂದೆಯವರು ಹೇಳುತ್ತಿದ್ದರು.

ಮಧ್ಯಾಹ್ನ ಎಲ್ಲರೂ ಬೇಲಿಯ ಬಳಿ ಸೇರಿದರು. ಗೋರಂಟಿಯ ಬೇರುಗಳು ಬಸವಳಿದ ಎತ್ತಿನ ಪಕ್ಕೆಲುಬಿನ ಹಾಗೆ ಹೊರಬಿದ್ದಿದ್ದವು. ಭಕ್ತರೊಬ್ಬರು ಕಲ್ಲಿನ ಗೋಡೆ ಕಟ್ಟಿಸಿಕೊಡುತ್ತೇನೆ ಎಂದರು. ಅಜ್ಜನವರು ಬೇಡವೆಂದು ತಲೆಯಾಡಿಸಿದರು.

"ಗ್ವಾಡಿ ಕಟ್ಟಿದರ ನೀರು ಸಂದಿ ಹುಡುಕತೈತಿ. ನೆಲ ಬೆತ್ತಲಿ ಐತಿ, ಅದಕ್ಕ ಹೊದಿಕಿ ಬೇಕು. ಸಂಗಯ್ಯಾ, ಇಂದಿನಿಂದ ಬೇಲಿ ಬುಡಕ್ಕ ಕಸಬರಗಿ ಮುಟ್ಟಿಸಬ್ಯಾಡ."

ನಮ್ಮ ತಂದೆಯವರ ಕಣ್ಣುಗಳು ತುಂಬಿ ಬಂದವು. ಅಜ್ಜನವರು ಅವರ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಸೇವಾ ಹೋಗಿಲ್ಲೋ. ಅಲ್ಲಿ ಗುಡಿಸದ ಇರೂದ ಈಗ ನಿನ್ನ ಸೇವಾ" ಎಂದರು.

ಯಾವ ಗಿಡ ಹಚ್ಚುವುದು ಎಂಬ ಚರ್ಚೆ ಎದ್ದಿತು. ಗೆಣಸಿನ ಬಳ್ಳಿ ಹಬ್ಬಿಸೋಣ, ತಿನ್ನಲೂ ಆಯಿತು ಎಂದರೊಬ್ಬರು. "ಗೆಡ್ಡಿ ಕೀಳಾಕ ಮತ್ತ ನೆಲ ಅಗೀಬೇಕು, ಮತ್ತ ಮಣ್ಣು ಸಡಲತೈತಿ" ಎಂದು ಬನಪ್ಪನೇ ಅಡ್ಡ ಹಾಕಿದ. ಅಜ್ಜನವರಿಗೆ ಅದು ಬಲು ಮೆಚ್ಚಿಗೆಯಾಯಿತು. "ಹಂಗಾದರ ನೀನ ಆರಸು. ಗುಡ್ಡದಾಗ ಯಾರೂ ನೀರು ಹಾಕಲಾರದ ಪೊದಿ ಬುಡದಾಗ ಏನು ಬೆಳದೈತಿ, ನೋಡೂಣು ಬಾ."

ಆ ಸಂಜೆ ಗುಡ್ಡದ ಹಾದಿಯಲ್ಲಿ ಹೋದವರಿಗೆಲ್ಲ ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ಕೆಸರು ಸುರಿದವನೂ ಸುರಿಸಿಕೊಂಡವರೂ ಅಕ್ಕಪಕ್ಕ ಮೊಣಕಾಲೂರಿ, ಪೊದೆಗಳೊಳಗೆ ತಲೆ ತೂರಿಸಿದ್ದರು. ಬಿಸಿಲು ಬೀಳುವ ಅಂಚಿನಲ್ಲಿ ಗರಿಕೆ ಮಣ್ಣನ್ನು ಬಿಗಿಹಿಡಿದಿತ್ತು. ಅರೆನೆರಳಿನಲ್ಲಿ ವಿಷ್ಣುಕ್ರಾಂತಿ ನೀಲಿ ಹೂ ಬಿಟ್ಟು ಹರಡಿತ್ತು. ಪೂರ್ತಿ ನೆರಳಿನಲ್ಲಿ ಚಿಕ್ಕ ದುಂಡೆಲೆಯ ಒಂದು ಬಳ್ಳಿ ಗೆಣ್ಣುಗೆಣ್ಣಿಗೆ ಬೇರು ಬಿಟ್ಟಿತ್ತು. ಅದರ ಹೆಸರು ಇಬ್ಬರಿಗೂ ತಿಳಿಯಲಿಲ್ಲ. "ಹೆಸರು ಕೇಳಿ ಏನು ಮಾಡೂದೈತಿ? ಕೆಲಸ ಮಾಡತೈತಿ" ಎಂದರು ಅಜ್ಜನವರು.

ಮೂರನ್ನೂ ಬುಡದ ಮಣ್ಣಿನೊಂದಿಗೆ ತಂದು ಗೇಣಿಗೊಂದರಂತೆ ನೆಟ್ಟರು. ನೀರು ನೆಟ್ಟಗೆ ಓಡದ ಹಾಗೆ, ಮೇಲಿನ ಸಾಲಿನ ಸಂದಿಗೆ ಕೆಳಗಿನ ಸಾಲಿನ ಗಿಡ ಬರುವಂತೆ ಬನಪ್ಪ ಲೆಕ್ಕ ಹಿಡಿದು ಹಚ್ಚಿದ. ನಡುವೆ ತರಗೆಲೆ ಹರಡಿದರು.

ಗಿಡಗಳಿನ್ನೂ ಬೇರೂರಿರಲಿಲ್ಲ, ಆರನೆಯ ದಿನ ಮಧ್ಯಾಹ್ನವೇ ಆಕಾಶ ಕಪ್ಪಿಟ್ಟು ಮಳೆ ಧೋ ಎಂದು ಸುರಿಯಿತು. ಅರ್ಧ ನೇಯ್ದ ಸೀರೆಯನ್ನು ಬಿಟ್ಟು ಬನಪ್ಪ ಎದ್ದ. 'ಹೋತು, ಎಲ್ಲಾ ಹೋತು' ಎಂದು ಗೊಣಗುತ್ತ ಇಳಿಜಾರು ಹತ್ತಿದ. ಹತ್ತಿದವನು ಅಲ್ಲೇ ನಿಂತುಬಿಟ್ಟ.

ಬೇಲಿಯ ಉದ್ದಕ್ಕೂ ಸಸಿಗಳ ಮೇಲೆ ಗೋಣಿಚೀಲ ಹೊದಿಸಿ ಅಂಚಿಗೆ ಕಲ್ಲು ಹೇರಲಾಗಿತ್ತು. ಕೊನೆಯ ಚೀಲದ ಒಂದು ತುದಿಯ ಮೇಲೆ ಅಜ್ಜನವರು, ನಡುವಿನ ಅಂಚಿನ ಮೇಲೆ ನಮ್ಮ ತಂದೆಯವರು ತೊಯ್ದು ತೊಪ್ಪೆಯಾಗಿ ಕುಳಿತಿದ್ದರು. ಅಜ್ಜನವರ ಗಡ್ಡದಿಂದ ನೀರು ಸುರಿಯುತ್ತಿತ್ತು.

"ಅಜ್ಜಾರ! ಇದೇನ್ರೀ?"

"ಕಲ್ಲು ಸಾಲಲಿಲ್ಲೋ ಬನಪ್ಪಾ" ಎಂದರು ಅವರು ನಗುತ್ತ. "ಆ ಕಡಿ ತುದಿ ಹಾರಾಕ ಹತ್ತೈತಿ."

ಬನಪ್ಪ ಹೋಗಿ ಆ ತುದಿಯ ಮೇಲೆ ಕುಳಿತ. ಮಳೆ ನಿಲ್ಲುವವರೆಗೆ ಮೂವರೂ ಹಾಗೆಯೇ ಇದ್ದರು. ಅವನ ಕೆನ್ನೆಯ ಮೇಲಿದ್ದದ್ದು ಬರೀ ಮಳೆನೀರಲ್ಲ ಎಂಬುದು, ಚೀಲದ ನಡುವೆ ಕುಳಿತಿದ್ದ ನಮ್ಮ ತಂದೆಯವರಿಗೆ ಕಂಡಿತು.

ಕುಣಿಗೆ ಅಂದು ಬಂದದ್ದು ಒಂದು ಬೊಗಸೆ ಕೆಸರು ಮಾತ್ರ. ನಾಗವ್ವ ಅಣ್ಣ ನೇಯ್ದ ಸೀರೆಯನ್ನೇ ಉಟ್ಟು ಧಾರೆಗೆ ನಿಂತಳು. ದೀಪಾವಳಿಯ ಹೊತ್ತಿಗೆ ಬೇಲಿಯ ಬುಡದಲ್ಲಿ ಬರಿನೆಲ ಹುಡುಕಿದರೂ ಸಿಗುತ್ತಿರಲಿಲ್ಲ.

ಮರುವರ್ಷದ ಮಾತು. ಬನಪ್ಪನ ಮನೆಯಲ್ಲಿ ನೂಲಿಗೆ ಬಣ್ಣ ಹಾಕಿದ ನೀರು ಹರಿದು, ಕೆಳಗಿನ ಮನೆಯ ಮುದುಕಿ ಈರವ್ವನ ಅಂಗಳವೆಲ್ಲ ನೀಲಿಯಾಯಿತು. ಆಕೆ ಬೈಯುತ್ತ ಬಂದಳು. ಬನಪ್ಪನ ಬಾಯಿ ಬಲ್ಲ ಓಣಿಯ ಜನ, ಇನ್ನು ಯುದ್ಧವೇ ಸರಿ ಎಂದು ಬಾಗಿಲಿಗೆ ಬಂದು ನಿಂತರು. ಬನಪ್ಪ ಲಾಳಿಯನ್ನು ಬದಿಗಿಟ್ಟು ಕುಣಿಯಿಂದ ಮೇಲೆದ್ದು ಬಂದ.

"ನಂದ ತಪ್ಪಾಗೇತಿ, ಯವ್ವಾ. ಎಲ್ಲಿ ಹರದೈತಿ ತೋರಸ ನಡಿ" ಎಂದು ಸಲಿಕೆ ಹೆಗಲಿಗೇರಿಸಿ, ಆ ಮುದುಕಿಯ ಹಿಂದೆ ಹೊರಟ.