ನಾಲ್ಕು ಸಲ ಕೆಳಗೆ, ಒಂದು ಸಲ ನಡುವೆ

ಘಟಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಮೂರು ಕೋಣೆ, ಒಂದು ಪಡಸಾಲೆ, ಹೊಳೆಗೆ ಇಳಿಯಲು ಹನ್ನೊಂದು ಮೆಟ್ಟಿಲು. ಅಲ್ಲಿ ಹಾಡು ಕಲಿಸುವ ನಿಂಗಯ್ಯಜ್ಜಾರು ಇದ್ದರು. ಎಂಬತ್ತೆರಡು ವರ್ಷ. ಬೆಳಕು ಯಾವುದು, ನೆರಳು ಯಾವುದು ಎಂಬುದನ್ನು ಬಿಟ್ಟರೆ ಅವರ ಕಣ್ಣಿಗೆ ಮತ್ತೇನೂ ತಿಳಿಯುತ್ತಿರಲಿಲ್ಲ.

ಅವರ ಶಿಷ್ಯ ಅಡಿವೆಪ್ಪ. ಶಿಷ್ಯ ಅಂದ ಕೂಡಲೇ ಎಳೆಯ ಹುಡುಗನನ್ನು ನೆನೆಸಿಕೊಳ್ಳಬೇಡಿ. ಟೆಲಿಫೋನ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದು, ನಿವೃತ್ತಿಯಾದ ಮೇಲೆ ತಂಬೂರಿ ಹಿಡಿದವನು. ಏಳು ವರ್ಷ ಕಳೆದರೂ ಶ್ರುತಿ ಅವನಿಗೆ ಪೂರ್ತಿ ಒಲಿದಿರಲಿಲ್ಲ. ಯಂತ್ರಗಳು ಮಾತ್ರ ಅವನು ಹೇಳಿದಂತೆ ಕೇಳುತ್ತಿದ್ದವು.

ಅಜ್ಜಾರ ಕೋಣೆಯ ಕಂಪ್ಯೂಟರ್ ಅವನದೇ ಸೇವೆ. ಮನೆಯಲ್ಲಿ ಸಿನಿಮಾ ನೋಡಲು, ಹಾಡು ಕೇಳಲು ಟಿವಿಯ ಕೆಳಗೆ ಇಟ್ಟುಕೊಂಡಿದ್ದ ಕಂಪ್ಯೂಟರ್ ಪೆಟ್ಟಿಗೆಯನ್ನು ರಿಮೋಟಿನ ಸಮೇತ ಮಠಕ್ಕೆ ಹೊತ್ತು ತಂದಿದ್ದ.

ಅಜ್ಜಾರ ಗುರುಗಳು ದೊಡ್ಡಜ್ಜಾರು. ಅವರು ತೀರಿಕೊಂಡು ನಲವತ್ತೊಂದು ವರ್ಷ. ಹಿಂದೆ ಸ್ಪೂಲ್ ಟೇಪಿನಿಂದ ಇಳಿಸಿಕೊಂಡಿದ್ದ ಅವರ ಹಾಡಿನ ಕ್ಯಾಸೆಟ್ಟುಗಳು ಹಳೆಯ ಧೋತರದ ಗಂಟಿನಲ್ಲಿ ಅಟ್ಟದ ಮೇಲೆ ಬಿದ್ದಿದ್ದವು. ಅಡಿವೆಪ್ಪ ಅವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ.

ಇಳಿಸುವಾಗ ಒಮ್ಮೆ ಕೇಳಿದ್ದ.

"ಅಜ್ಜಾರ, ಹಾಡಿಗಿಂತ ಮೊದಲ ಗದ್ದಲ ಭಾಳ ಐತ್ರಿ. ಕೆಮ್ಮೂದು, ಮಾತಾಡೂದು. ಕತ್ತರಿಸಿಬಿಡ್ಲೇನ್ರಿ?"

"ಒಂದು ಕೆಮ್ಮನೂ ಕತ್ತರಿಸಬ್ಯಾಡ್ರಿ" ಅಂದಿದ್ದರು ಅಜ್ಜಾರು.

ಆ ಗದ್ದಲವನ್ನು ಅಡಿವೆಪ್ಪ ಕಿವಿಗೊಟ್ಟು ಕೇಳಿರಲಿಲ್ಲ. ತೆರೆಯ ಮೇಲೆ ಗೆರೆಗಳು ಏರುವುದನ್ನು, ಇಳಿಯುವುದನ್ನು ನೋಡಿದ್ದನಷ್ಟೆ.

ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಾರು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆಳೆದುಕೊಳ್ಳುತ್ತಿದ್ದರು. ರಿಮೋಟು ಅವರ ಹೆಬ್ಬೆರಳಿಗೆ ಬಾಯಿಪಾಠವಾಗಿತ್ತು. ನಾಲ್ಕು ಸಲ ಕೆಳಗಿನ ಗುಂಡಿ, ಒಂದು ಸಲ ನಡುವಿನದು.

ಹೊರಗೆ ಮೆಟ್ಟಿಲ ಮೇಲೆ ಕೂತ ಅಡಿವೆಪ್ಪನಿಗೆ ಒಳಗಿನಿಂದ ಯಾರದೋ ದನಿ ಅಸ್ಪಷ್ಟವಾಗಿ ಕೇಳಿಸುತ್ತಿತ್ತು. ಇನ್ನೇನು ಹಾಡು ಶುರುವಾಗಬೇಕು, ಅಷ್ಟರಲ್ಲಿ ನಿಂತುಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಮತ್ತೆ ನಿಲುಗಡೆ.

ಪಾಪ, ಮುದಿ ಕೈ, ಗುಂಡಿ ತಪ್ಪುತ್ತದೆ ಎಂದುಕೊಳ್ಳುತ್ತಿದ್ದ.

ಅಡಿವೆಪ್ಪನ ಮನಸ್ಸಿನಲ್ಲಿ ಒಂದು ನೋವಿತ್ತು. ಅಜ್ಜಾರು ಅವನನ್ನು ಒಂದು ದಿನವೂ ಬೈದಿರಲಿಲ್ಲ. ಅಡುಗೆಯ ಪಾರವ್ವನಿಗೆ ದಿನಾ ಬೈಗುಳ. "ಸಾರಿಗೆ ಉಪ್ಪು ಹಾಕೀಯೋ, ಉಪ್ಪಿಗೆ ಸಾರು ಹಾಕೀಯೋ?" ಹಾಡು ಕಲಿಯಲು ಬಂದವರಿಗೆಲ್ಲ ಬೈಗುಳ. ಇವನಿಗೆ ಮಾತ್ರ, ಶ್ರುತಿ ಎಷ್ಟೇ ತಪ್ಪಿದರೂ, "ಇರ್ಲಿ ಬಿಡ್ರಿ ಇಂಜಿನಿಯರ್ ಸಾಹೇಬರ, ಚಲೋ ಆತು."

ಬೈಸಿಕೊಂಡ ಪಾರವ್ವ ಸೆರಗಿನಲ್ಲಿ ನಗುತ್ತ ಹೋಗುವುದನ್ನು ಕಂಡರೆ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ತಾನಿನ್ನೂ ಈ ಮಠದ ಅತಿಥಿ, ಶಿಷ್ಯನಲ್ಲ ಅನ್ನಿಸುತ್ತಿತ್ತು. ಈ ಕಂಪ್ಯೂಟರೊಂದೇ ಇಲ್ಲಿ ಅವನ ಜಾಗ.

ಆ ವರ್ಷ ಖಂಡೇನವಮಿ ಬಂತು. ಪೂಜೆಗೆ ಮಠದಲ್ಲಿದ್ದ ಆಯುಧಗಳೆಂದರೆ ಈಳಿಗೆ, ಕೊಡಲಿ, ತಂಬೂರಿ, ಕಂಪ್ಯೂಟರ್. ಅಜ್ಜಾರು ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಗೆ ತೆಗೆದುಕೊಂಡು ಎಲ್ಲಕ್ಕೂ ತಾವೇ ಹಚ್ಚಿದರು, ಮೇಲೊಂದು ಕುಂಕುಮ ಇಟ್ಟರು. ಪೆಟ್ಟಿಗೆಯ ಮುಂಭಾಗವನ್ನು ಸವರಿ ನೋಡಿ, ನುಣ್ಣಗೆ ಸಿಕ್ಕ ಜಾಗವೇ ಅದರ ಹಣೆ ಎಂದುಕೊಂಡರು.

ಯಂತ್ರಕ್ಕೂ ಇವತ್ತು ವಿಶ್ರಾಂತಿ ಎಂದು ಅಡಿವೆಪ್ಪ ಆ ದಿನವೇ ಕಂಪ್ಯೂಟರನ್ನು ಅಪ್‌ಡೇಟ್‌ಗೆ ಹಾಕಿದ.

ಮರುದಿನ ದಸರೆ. ಸಂಜೆ ಅಡಿವೆಪ್ಪ ಬನ್ನಿ ಕೊಟ್ಟು ನಮಸ್ಕರಿಸಿದ. ಅಜ್ಜಾರು ಬನ್ನಿಯ ಎಲೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡೇ ರಿಮೋಟು ಒತ್ತಿದರು. ನಾಲ್ಕು ಸಲ ಕೆಳಗೆ, ಒಂದು ಸಲ ನಡುವೆ.

ಸದ್ದಿಲ್ಲ.

ಮತ್ತೆ ಒತ್ತಿದರು. ಇಲ್ಲ.

"ಯಾಕೋ ಮುನಿಸಿಕೊಂಡೈತ್ರಿ" ಅಂದರು.

"ಅಪ್‌ಡೇಟ್ ಆಗೇತಲ್ರಿ, ಡ್ರೈವರ್ ಕೆಟ್ಟಿರಬೇಕು. ಬೆಳಿಗ್ಗೆ ಸರಿ ಮಾಡ್ತೀನ್ರಿ. ಇವತ್ತಿಗೆ ನಾನಽ ಕೀಬೋರ್ಡಿನಿಂದ ಹಚ್ಚಲೇನ್ರಿ?"

"ಬ್ಯಾಡ್ರಿ."

"ಒಂದು ನಿಮಿಷದ ಕೆಲಸ್ರಿ."

"ಬ್ಯಾಡಂದ್ನೆಲ್ರಿ" ಎಂದು ಅಜ್ಜಾರು ಗೋಡೆಯ ಕಡೆ ತಿರುಗಿ ಕೂತರು.

ಮರುದಿನ ಅಡಿವೆಪ್ಪ ರಿಮೋಟಿನ ಸೆಲ್ಲು ಬದಲಿಸಿದ. ರಿಮೋಟನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದು ಒತ್ತಿದ. ಬರಿಗಣ್ಣಿಗೆ ಕಾಣದ ಬೆಳಕು ಕ್ಯಾಮೆರಾದಲ್ಲಿ ಮಿಣಮಿಣ ಹೊಳೆಯಿತು. ರಿಮೋಟಿನದೇನೂ ತಪ್ಪಿಲ್ಲ.

ಆಮೇಲೆ ಡ್ರೈವರ್ ತೆಗೆದ, ಮತ್ತೆ ಹಾಕಿದ. ಹಳೆಯದನ್ನು ಹುಡುಕಿ ಹಾಕಿದ. ಎಲ್ಲ ಸರಿಯಿದೆ ಎಂದು ತೆರೆ ಹೇಳುತ್ತಿತ್ತು. ಗುಂಡಿ ಒತ್ತಿದರೆ ಮಾತ್ರ ಗಪ್‌ಚಿಪ್. ಧೂಳು ಹೊಕ್ಕಿರಬಹುದೆಂದು ಪೆಟ್ಟಿಗೆಯನ್ನೆಲ್ಲ ಒರೆಸಿದ. ಅಜ್ಜಾರು ಹಚ್ಚಿದ ವಿಭೂತಿಗೆ ಅರಿವೆ ತಾಗದಂತೆ, ಅದರ ಸುತ್ತಲೂ ಜೋಪಾನವಾಗಿ ಒರೆಸಿದ.

ಅದರ ಮರುದಿನವೂ ಇದೇ ಹಾಡು.

ಸಂಜೆಯಾದರೆ ಅಜ್ಜಾರು ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಹೆಬ್ಬೆರಳು ತನ್ನಷ್ಟಕ್ಕೆ ತಾನು ಆಡುತ್ತಿತ್ತು. ಪಾರವ್ವ ಬಡಿಸಿದ ಅನ್ನ ಅರ್ಧ ಹಾಗೇ ಉಳಿಯುತ್ತಿತ್ತು. ಉಪ್ಪು ಹೆಚ್ಚಾದರೂ ಬೈಯಲಿಲ್ಲ. ಇದೊಂದು ಬರುತ್ತಿತ್ತು ನನಗೆ, ಇದೂ ಕೈಬಿಟ್ಟಿತಲ್ಲ ಎಂದು ಅಡಿವೆಪ್ಪ ಹೊಳೆಯ ಮೆಟ್ಟಿಲ ಮೇಲೆ ಕೂತು ಕಣ್ಣೀರು ಹಾಕಿದ.

ನಾಲ್ಕನೆಯ ದಿನ ಸಂಜೆ ಅವನು ಮತ್ತೆ ಪೆಟ್ಟಿಗೆಯ ಮುಂದೆ ಕೂತಿದ್ದ. ಅಜ್ಜಾರು ಹಾಸಿಗೆಯಿಂದ ಕೇಳಿದರು.

"ದಿನಾ ಡ್ರೈವರ್, ಡ್ರೈವರ್ ಅಂತೀರಿ. ಯಾರವ?"

"ದುಭಾಷಿ ಇದ್ದಂಗ್ರಿ, ಅಜ್ಜಾರ. ರಿಮೋಟಿನ ಮಾತು ಕಂಪ್ಯೂಟರಿಗೆ ತಿಳಿಯೂದಿಲ್ಲ. ನಡುವ ನಿಂತು ಅವ ತಿಳಿಸಿ ಹೇಳ್ತಾನು."

"ಅವ ಈಗ ಅದಾನೇನು?"

"ಅದಾನ್ರಿ. ನಾಲ್ಕು ಸಲ ಬದಲಿ ಮಾಡೇನಿ."

"ರಿಮೋಟು ಮಾತಾಡ್ತೈತೇನು?"

"ಆಡ್ತೈತ್ರಿ. ಕಣ್ಣಾರೆ ನೋಡೇನಿ."

ಅಜ್ಜಾರು ಸ್ವಲ್ಪ ಹೊತ್ತು ತಲೆಯಾಡಿಸಿದರು.

"ಆಡಾವ ಆಡ್ತಾನು. ದುಭಾಷಿನೂ ಅದಾನು. ಕೇಳಾವನ ಕಿವಿ ನೋಡೀರೇನ್ರಿ?"

ಅಡಿವೆಪ್ಪ ಪೆಟ್ಟಿಗೆಯ ಮುಂಭಾಗದತ್ತ ಬಗ್ಗಿದ. ಅದರ ಕಿವಿ ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲವೇ? ನಡುವೆ, ಉಗುರಿನಷ್ಟಗಲದ ಕಪ್ಪು ಗಾಜು. ರಿಮೋಟಿನ ಬೆಳಕು ಒಳಗೆ ಹೋಗುವುದೇ ಅಲ್ಲಿಂದ. ಆ ಗಾಜಿನ ಮೇಲೆ ಒಣಗಿ ಗಟ್ಟಿಯಾದ ಮೂರು ಬಿಳಿ ಪಟ್ಟೆ, ನಡುವೆ ಕುಂಕುಮ.

ಅವನು ಬಗ್ಗಿದಲ್ಲೇ ಉಳಿದ.

"ಯಾಕ್ರಿ, ಸುಮ್ಮಾದ್ರಿ?"

"ಕಿವಿ ಮ್ಯಾಲ ವಿಭೂತಿ ಐತ್ರಿ, ಅಜ್ಜಾರ."

"ಯಾರು ಹಚ್ಚಿದ್ದು?"

ಅಡಿವೆಪ್ಪ ಅಜ್ಜಾರ ಬೆರಳುಗಳತ್ತ ನೋಡಿದ.

"ನಾನಽ ಏನು?"

"ಹೌದ್ರಿ."

"ನಾಲ್ಕು ದಿನದಿಂದ ನಿಮಗ ಕಾಣಿಸಿಲ್ಲೇನು?"

"ಕಂಡಿತ್ರಿ. ನಿಮ್ಮ ಕೈಲೆ ಹಚ್ಚಿದ್ದು ಅಂತ... ಮುಟ್ಟಲಿಲ್ರಿ."

"ಒರಸ್ರಿ."

"ಅದೊಂದು ನನ್ನ ಕೈಲೆ ಆಗೂದಿಲ್ರಿ, ಅಜ್ಜಾರ."

ಅಜ್ಜಾರು ಎದ್ದರು. ಗೋಡೆ ಹಿಡಿದು ಬಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹೆಗಲ ಮೇಲಿನ ವಸ್ತ್ರದ ತುದಿಯನ್ನು ನೀರಿನ ತಂಬಿಗೆಯಲ್ಲಿ ಅದ್ದಿದರು. ಬೆರಳಿನಿಂದ ಜಾಗ ಹುಡುಕಿ ಗಸಗಸ ತಿಕ್ಕಿದರು. ಮುದ್ದು ಮಗುವಿನ ಮೂತಿ ಒರೆಸಿದಂತಿತ್ತು ಅದು.

ಆಮೇಲೆ ಹಾಸಿಗೆಗೆ ಹಿಂದಿರುಗಿ ರಿಮೋಟು ಕೈಗೆ ತೆಗೆದುಕೊಂಡರು. ಅಡಿವೆಪ್ಪ ಎಂದಿನಂತೆ ಬಾಗಿಲ ಕಡೆ ಹೊರಟ.

"ಎಲ್ಲಿಗೆ ಹೊಂಟ್ರಿ? ಕುಂಡರ್ರಿ."

ನಾಲ್ಕು ಸಲ ಕೆಳಗೆ, ಒಂದು ಸಲ ನಡುವೆ.

ಮೊದಲು ಟೇಪಿನ ಸರಸರ. ಒಂದು ಕೆಮ್ಮು. ಆಮೇಲೆ ಕೋಣೆ ತುಂಬ ಒಂದು ಗಡಸು ದನಿ:

"ಲೇ ನಿಂಗ್ಯಾ! ಖೋಡಿ! ಕಾಲಿಗೆ ಆಮ್ಯಾಲ ಬೀಳುವಂತಿ, ಮೊದಲ ತಂಬೂರಿ ತಂತಿ ಬಿಗಿ. ನಿನ್ನ ನಮಸ್ಕಾರ ಏನು ಶ್ರುತಿ ಹಿಡೀತೈತೇನು?"

ಹಿಂದೆ ಎಲ್ಲೋ ಒಬ್ಬ ಹುಡುಗ ನಗು ತಡೆಯಲಾರದೆ ಕಿಸಕ್ಕೆಂದ. ಅಜ್ಜಾರು ಒತ್ತಿ ನಿಲ್ಲಿಸಿದರು. ಮತ್ತೆ ಮೊದಲಿನಿಂದ ಹಚ್ಚಿದರು. "ಲೇ ನಿಂಗ್ಯಾ!" ದನಿಯ ಜೊತೆಗೇ ಅವರ ತುಟಿಗಳೂ ಆಡುತ್ತಿದ್ದವು. ಕಣ್ಣಲ್ಲಿ ನೀರು ತುಂಬಿತ್ತು, ಮುಖದಲ್ಲಿ ಆ ಹುಡುಗನ ನಗುವೇ ಇತ್ತು.

ಗುಂಡಿ ತಪ್ಪುತ್ತಿರಲಿಲ್ಲ ಎಂದು ಅಡಿವೆಪ್ಪನಿಗೆ ಆಗ ತಿಳಿಯಿತು.

"ಆ ನಗು ನಿಮ್ಮದಽ ಏನ್ರಿ, ಅಜ್ಜಾರ?"

"ನಂದಽರಿ. ಹದಿನಾರು ವರ್ಷದಾವಿದ್ದೆ. ಈಗ ಊರಿಗೆ ಊರಽ ನನ್ನ ಅಜ್ಜಾರು ಅಂತೈತಿ. ನಿಂಗ್ಯಾ ಅಂತ ಬೈಯಾಕ ಈ ಪೆಟಗಿಯೊಳಗಿನ ಮುದುಕ ಒಬ್ಬಾವಽ ಉಳಿದಾನು. ಬೈಸಿಕೊಳ್ಳೂದನ್ನ ಮಂದಿ ಮುಂದ ಹ್ಯಾಂಗ ಕೇಳೂದ್ರಿ? ಅದಕ್ಕಽ ಬಾಗಲಾ ಹಾಕ್ಕೊಂತಿದ್ದೆ."

"ನೀವು ಪುಣ್ಯವಂತ್ರು ಬಿಡ್ರಿ. ಬೈಸಿಕೊಂಡೀರಿ."

"ಯಾಕ್ರಿ?"

ಅಡಿವೆಪ್ಪ ತಡೆದುಕೊಳ್ಳಲಿಲ್ಲ.

"ಏಳು ವರ್ಷ ಆತ್ರಿ. ನನಗ ನೀವು ಒಂದು ದಿನಾನೂ ಬೈದಿಲ್ರಿ."

ಅಜ್ಜಾರು ರಿಮೋಟನ್ನು ಹಾಸಿಗೆಯ ಮೇಲಿಟ್ಟರು. ಹೊರಗೆ ಹೊಳೆಯ ಸದ್ದು ಕೇಳುತ್ತಿತ್ತು.

"ದೊಡ್ಡ ನೌಕರಿ ಮಾಡಿ ಬಂದಾವ್ರು, ಹ್ಯಾಂಗ ಬೈಯೂದಂತ ಸಂಕೋಚ ಮಾಡಿದೆ" ಅಂದರು. "ನಿಮ್ಮ ಶ್ರುತಿ ಏಳು ವರ್ಷದಿಂದ ಕಿವಿ ಚುಚ್ಚಾಕತ್ತೈತ್ರಿ."

ಅಡಿವೆಪ್ಪನಿಗೆ ದುಃಖ ಉಕ್ಕಿ ಬಂತು. ನಗುವೂ ಬಂತು. ಇದ್ದಲ್ಲಿಂದಲೇ ಬಾಗಿ ಅಜ್ಜಾರ ಎರಡೂ ಪಾದ ಹಿಡಿದುಕೊಂಡ.

ಅಜ್ಜಾರು ತಡಕಾಡಿ ಅವನ ಕಿವಿ ಹುಡುಕಿ ಹಿಂಡಿದರು.

"ಲೇ ಅಡಿವ್ಯಾ! ಖೋಡಿ! ಕಾಲು ಬಿಡು. ಹಸಿ ಅರಿವಿ ತಗೊಂಡು ಬಾ, ನಾ ಇನ್ನೂ ಎಲ್ಲೆಲ್ಲಿ ವಿಭೂತಿ ಹಚ್ಚೇನಿ ನೋಡು."