ಗರಿಕೇಶನ ತೊಡೆಯ ಫೋಟೋ

ಮಕ್ಕಳೇ, ಕಾಡಿಗೂ ಮೊಬೈಲು ಬಂದ ಮೇಲಿನ ಕತೆ ಇದು. ಹೊಂಗೆಮರದ ಕೆರೆಯ ದಂಡೆಯಲ್ಲಿ ಗರಿಕೇಶ ಎಂಬ ಮೊಲ ತನ್ನ ಹೆಂಡತಿ ತುಂಬೆಯ ಜೊತೆ ಒಂದು ಪೊದೆಯಲ್ಲಿ ವಾಸವಾಗಿದ್ದ. ತಿನ್ನಲು ಎಳೆ ಗರಿಕೆ, ಕುಡಿಯಲು ಕೆರೆಯ ನೀರು. ಸುಖವಾಗಿ ಇರಬಹುದಿತ್ತು. ಆದರೆ ವಾದದಲ್ಲಿ ಗೆಲ್ಲದಿದ್ದರೆ ಅವನಿಗೆ ತಿಂದ ಹುಲ್ಲು ಅರಗುತ್ತಿರಲಿಲ್ಲ.

ಕೆರೆಯ ಪ್ರಾಣಿಗಳೆಲ್ಲ ಮೊಬೈಲಿನಲ್ಲಿ 'ಕೆರೆಕಟ್ಟೆ' ಎಂಬ ಗುಂಪು ಮಾಡಿಕೊಂಡಿದ್ದವು. ನೀರು ಎಷ್ಟಿದೆ, ಬೇಟೆನಾಯಿ ಬಂತೇ, ಇಂಥದ್ದನ್ನು ತಿಳಿಸಲು ಮಾಡಿದ ಗುಂಪು ಅದು. ಗರಿಕೇಶ ಸೇರಿದ ಮೇಲೆ ಅಲ್ಲಿ ಒಂದೇ ಮಾತು: ಮಾಂಸ ತಿನ್ನುವುದು ಸರಿಯೋ, ತಪ್ಪೋ?

ಅವನ ಎದುರಾಳಿ ಮಿಂಚುಳ್ಳಿ ನೀಲವ್ವ. ಮೀನು ಹಿಡಿದು ಬದುಕುವ ಹಕ್ಕಿ.

"ಇನ್ನೊಂದು ಜೀವ ಕೊಂದು ಹೊಟ್ಟೆ ಹೊರೆಯೋದು ಪಾಪ!" ಎಂದು ಮೊಲ ಬರೆದ.

"ನನ್ನ ಕೊಕ್ಕು ನೋಡಿದ್ದೀಯಾ? ಇದರಲ್ಲಿ ಹುಲ್ಲು ಮೇಯೋದು ಹೇಗೆ, ನೀನೇ ಬಂದು ತೋರಿಸು" ಎಂದು ನೀಲವ್ವ ಬರೆದಳು.

"ಮೀನು ತಿಂದರೆ ರಕ್ತ ಕೆಡುತ್ತೆ. ಸಂಶೋಧನೆ ಆಗಿದೆ."

"ಮಾಡಿದವರು ಯಾರು?"

"ಒಂದು ಹಸು!"

ಈ ಜಗಳ ತಾಳಲಾರದೆ ಕಪ್ಪೆಗಳು ಗುಂಪು ಬಿಟ್ಟು ಹೋದವು. ವಟವಟ ಎನ್ನುವ ಕಪ್ಪೆಗಳಿಗೇ ಸಾಕಾಯಿತು ಎಂದರೆ ನೀವೇ ಯೋಚಿಸಿ.

ಆಗ ಗುಂಪಿಗೆ ಹೊಸಬನೊಬ್ಬ ಬಂದ. ಹೆಸರು 'ಆರೋಗ್ಯಾಕಾಂಕ್ಷಿ'. ಮುಖದ ಜಾಗದಲ್ಲಿ ತುಳಸಿ ಗಿಡದ ಚಿತ್ರ. ಗರಿಕೇಶ ಏನು ಬರೆದರೂ ಅವನದು ಮೊದಲ ಲೈಕು.

"ಗುರುಗಳೇ, ನಿಮ್ಮ ಮಾತು ಸತ್ಯ" ಎಂದ ಹೊಸಬ. "ಆದರೆ ಈ ಮೀನುಬಾಕರು ನಂಬೋದಿಲ್ಲ. ಸೊಪ್ಪು ತಿಂದ ಮೈ ಹೇಗಿರುತ್ತೆ ಅಂತ ಒಂದು ಫೋಟೋ ಹಾಕಿ."

'ಗುರುಗಳೇ' ಎಂದದ್ದೇ ತಡ, ಗರಿಕೇಶ ಉಬ್ಬಿಹೋದ. ಹಿಂಗಾಲು ಚಾಚಿ, ತೊಡೆ ಕಾಣುವಂತೆ ಫೋಟೋ ತೆಗೆದು ಹಾಕಿದ. 'ಬರೀ ಗರಿಕೆ ತಿಂದು ಬೆಳೆದದ್ದು. ಒಂದು ಚೂರೂ ಕೊಬ್ಬಿಲ್ಲ' ಎಂದೂ ಬರೆದ.

"ಆಹಾ!" ಎಂದ ಆರೋಗ್ಯಾಕಾಂಕ್ಷಿ. "ಬಾಯಲ್ಲಿ ನೀರೂರಿತು. ಗರಿಕೆ ನೆನೆದು, ಗುರುಗಳೇ. ತಾವು ಮೇಯೋದು ಎಲ್ಲಿ? ಯಾವ ಹೊತ್ತಿಗೆ?"

"ಹೊಂಗೆಮರದ ಕೆಳಗೆ, ಇಬ್ಬನಿ ಆರುವ ಮೊದಲು."

ತುಂಬೆ ಗಂಡನ ಹೆಗಲ ಮೇಲಿಂದ ಓದಿ ಗಾಬರಿಯಾದಳು. "ಅಲ್ಲಾ, ಸೊಪ್ಪು ತಿನ್ನೋನಾದ್ರೆ ಸೊಪ್ಪಿನ ವಿಚಾರ ಕೇಳ್ತಿದ್ದ. ಇವನು ನಿಮ್ಮ ವಿಚಾರ ಕೇಳ್ತಿದ್ದಾನಲ್ರೀ! ಹಾದೀಲಿ ಹೋಗೋ ಮಾರೀನ ಮನೆಗೆ ಕರೀಬೇಡಿ."

"ನಿನಗೇನು ಗೊತ್ತು? ನನ್ನ ಕಡೆಗಿರೋನು ಇವನೊಬ್ಬನೇ!" ಎಂದು ಗರಿಕೇಶ ಸಿಡುಕಿದ.

ಮರುದಿನ ಬೆಳಿಗ್ಗೆ ಹೊಂಗೆಮರದ ಕೆಳಗೆ ಅವನು ನೀಲವ್ವನಿಗೆ ಉದ್ದನೆಯ ಉತ್ತರ ಬರೆಯುತ್ತಿದ್ದ. ಹುಲ್ಲು ಸರಿದ ಸದ್ದೂ ಕೇಳಿಸಲಿಲ್ಲ.

"ನಮಸ್ಕಾರ ಗುರುಗಳೇ. ನಾನೇ ಆರೋಗ್ಯಾಕಾಂಕ್ಷಿ."

ತಲೆ ಎತ್ತಿದರೆ, ನರಿ! ತುಳಸಿಯ ವಾಸನೆಯಂತೂ ಇರಲಿಲ್ಲ.

"ನೀ... ನೀನು ಸೊಪ್ಪು ತಿನ್ನೋನಲ್ಲವಾ?" ಎಂದು ಮೊಲ ಕೇಳಿದ.

"ಹಸಿರು ತಿನ್ನು ಅಂತ ವೈದ್ಯರು ಹೇಳಿದ್ದಾರೆ. ನಿನ್ನ ಮೈಯೆಲ್ಲಾ ಗರಿಕೆಯೇ ಅಂತ ನೀನೇ ಬರೆದೆಯಲ್ಲಪ್ಪ!" ಎಂದು ನರಿ ಹಾರಿ, ಫೋಟೋದಲ್ಲಿ ಕಂಡ ಅದೇ ಕಾಲನ್ನು ಗಬಕ್ಕನೆ ಹಿಡಿಯಿತು.

"ಅಯ್ಯೋ, ಸತ್ತೆ!" ಎಂದು ಗರಿಕೇಶ ಕಿರುಚಿದ.

ಕೊಂಬೆಯ ಮೇಲೆ ಮೀನಿಗೆ ಹೊಂಚು ಹಾಕಿದ್ದ ನೀಲವ್ವ ತಿರುಗಿ ನೋಡಿದಳು. ಬೈದವನೋ ಹೊಗಳಿದವನೋ ಎಂದು ಯೋಚಿಸುತ್ತಾ ಕೂರಲಿಲ್ಲ. ಬಾಣದಂತೆ ಇಳಿದು, ಹುಲ್ಲು ಮೇಯಲು ಬಾರದ ಅದೇ ಕೊಕ್ಕಿನಿಂದ ನರಿಯ ಮೂಗಿಗೆ ಕುಕ್ಕಿದಳು. ನರಿ "ಅಮ್ಮಾ!" ಎಂದು ಬಾಯಿ ಬಿಟ್ಟಿತು. ಗರಿಕೇಶ ಎದ್ದೆನೋ ಬಿದ್ದೆನೋ ಎಂದು ಪೊದೆ ಸೇರಿದ. ಜೀವ ಉಳಿಯಿತು, ಹಿಂಗಾಲು ಮಾತ್ರ ಮುರಿದು ಜೋತಾಡುತ್ತಿತ್ತು.

"ಬದುಕಿದೆಯಲ್ಲ, ಮಾರಾಯ!" ಎಂದು ನೀಲವ್ವ ಪೊದೆಯ ಹತ್ತಿರ ಬಂದಳು.

"ಬದುಕಿದ್ದು ಹೇಗೆ ಗೊತ್ತಾ?" ಗರಿಕೇಶ ಏದುಸಿರು ಬಿಡುತ್ತಾ ಹೇಳಿದ. "ಸೊಪ್ಪು ತಿಂದ ಕಾಲಿನ ಬಲದಿಂದ!"

ತುಂಬೆ ಹಣೆ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಗುಂಪಿಗೆ ಒಂದು ಸಾಲು ಬಂತು. ಮೂಗಿಗೆ ಎಲೆ ಕಟ್ಟಿಕೊಂಡ ನರಿ ಬರೆದಿತ್ತು: 'ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.'

"ಸುಳ್ಳು! ಮೊಲಕ್ಕೆ ನಾಲ್ಕು..." ಎಂದು ಗರಿಕೇಶ ಆವೇಶದಿಂದ ಬರೆಯತೊಡಗಿದ. ಒಮ್ಮೆ ಬಗ್ಗಿ ನೆಲಕ್ಕೆ ಊರಿದ್ದ ಕಾಲುಗಳನ್ನು ನೋಡಿಕೊಂಡ. ಬರೆದದ್ದನ್ನು ಮೆಲ್ಲಗೆ ಅಳಿಸಿದ.

ಅವನು ವಾದದಲ್ಲಿ ಸೋತದ್ದು ಅದೇ ಮೊದಲು.

ನೀತಿ: ವಾದ ಗೆಲ್ಲುವ ಭರದಲ್ಲಿ, ಭೇಷ್ ಎನ್ನುವವನ ಹಲ್ಲು ನೋಡುವುದನ್ನು ಮರೆಯಬಾರದು.